ಅಮ್ಮನ ಇಮ್ಯುನಿಟಿಯನ್ನು ದೂರಬೇಡಿ

ಅಮ್ಮನಿಗೆ ಕೃತಕ ಮಂಡಿ ಹಾಕಿಸಿ ವರ್ಷವಾದ ಮೇಲೆ ಕೀವಾಗಿದೆ, ಆಂಟಿಬಯೋಟಿಕ್ ಕೊಟ್ಟಾಗ ತಗ್ಗುತ್ತದೆ, ನಿಲ್ಲಿಸಿದರೆ ಮತ್ತೆ ಶುರು, ಈಗ ಡಾಕ್ಟರು ಹಾಕಿದ್ದನ್ನೇ ತೆಗೆಯಬೇಕು ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ‘ಇಮ್ಯುನಿಟಿ ಕಮ್ಮಿ, ಕಷಾಯ ಕುಡಿಸಿ ಅಂತ ನೆಂಟರು ಹೇಳ್ತಾರೆ, ನಿಜವಾ?’ ಎಂದೂ ಕೇಳಿದ್ದೀರಿ.

ಸೋಂಕು ಬಿಡುತ್ತಿಲ್ಲ ಅನ್ನುವುದೊಂದರಿಂದಲೇ ಹಾಗೆ ಹೇಳಲು ಆಗುವುದಿಲ್ಲ. ಗಟ್ಟಿಮುಟ್ಟಾಗಿರುವವರಿಗೂ ಹೀಗಾಗುತ್ತದೆ. ಇಂಥ ಸೋಂಕು ತರುವುದು ಹೆಚ್ಚಾಗಿ ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾ. ಅದರಲ್ಲಿ ಕೆಲವು ಜಾತಿಗಳು ನಮ್ಮೆಲ್ಲರ ಚರ್ಮದ ಮೇಲೂ ಸುಮ್ಮನೆ ಇರುತ್ತವೆ. ಲೋಹವೋ ಪ್ಲಾಸ್ಟಿಕ್ಕೋ ಸಿಕ್ಕರೆ ಸಾಕು, ಅಂಟಿಕೊಂಡು, ಸಕ್ಕರೆಯ ಎಳೆ, ಪ್ರೋಟೀನ್, ಡಿಎನ್‌ಎ ಎಲ್ಲ ಸೇರಿಸಿ ಸುತ್ತ ಲೋಳೆ ಕಟ್ಟಿಕೊಳ್ಳುತ್ತವೆ. ಇದೇ ಬಯೋಫಿಲ್ಮ್. ಬೆಳಿಗ್ಗೆ ಹಲ್ಲಿನ ಮೇಲೆ ನಾಲಿಗೆಗೆ ಸಿಗುವ ಪಾಚಿಯೂ ಅದೇ.

1957ರಲ್ಲಿ ಇಂಗ್ಲೆಂಡಿನಲ್ಲಿ ಎಲೆಕ್ ಮತ್ತು ಕೋನೆನ್ ಎಂಬ ಇಬ್ಬರು ಸಂಶೋಧಕರು, ಹೊರಗಿನ ವಸ್ತು ಇದ್ದರೆ ಸ್ಟೆಫಿಲೋಕಾಕಸ್ ಸೋಂಕು ಎಷ್ಟು ಸುಲಭ ಎಂದು ಸ್ವಯಂಸೇವಕರ ಚರ್ಮದಲ್ಲಿ ಪರೀಕ್ಷಿಸಿದ್ದರು. ಕೀವಾಗಲು ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಬೇಕಾಯಿತು. ಅದೇ ಜಾಗದಲ್ಲಿ ಹೊಲಿಗೆಯ ದಾರ ಇದ್ದರೆ ಕೆಲವು ನೂರೇ ಸಾಕಾದವು. ಒಂದು ದಾರಕ್ಕೇ ಹೀಗಾದರೆ ಇಡೀ ಮಂಡಿಯ ಗತಿ ಯೋಚಿಸಿ!

ನಿಮ್ಮ ಅಮ್ಮನ ಬಿಳಿ ರಕ್ತಕಣಗಳು ಸುಮ್ಮನೆ ಕೂತಿಲ್ಲ. ನ್ಯೂಟ್ರೋಫಿಲ್ ಎಂಬ ಕಣ ಒಂಟಿ ಬ್ಯಾಕ್ಟೀರಿಯಾ ಸಿಕ್ಕರೆ ನುಂಗಿ ಕೊಲ್ಲುತ್ತದೆ. ಲೋಳೆಯೊಳಗಿನ ಇಡೀ ಗುಂಪು ಅದಕ್ಕಿಂತ ಎಷ್ಟೋ ದೊಡ್ಡದು, ನುಂಗಲಾಗುವುದಿಲ್ಲ. ಆಗ ಒಳಗೆ ಸುರಿಯಬೇಕಾದ ಕಿಣ್ವಗಳನ್ನೆಲ್ಲ ಹೊರಗೇ ಸುರಿಯುತ್ತದೆ, ಪಕ್ಕದ ನಮ್ಮದೇ ಮೂಳೆ-ಮಾಂಸ ಹಾಳಾಗುತ್ತದೆ. ಕೃತಕ ಕೀಲು ಸಡಿಲವಾಗುವುದಕ್ಕೆ ಇದೂ ಒಂದು ಕಾರಣ. ಇಮ್ಯುನಿಟಿ ಹೆಚ್ಚಿಸುತ್ತೇವೆ ಎಂದು ಮಾರುವ ಪುಡಿಗಳಿಗೆ ಇಲ್ಲಿ ಏನೂ ಕೆಲಸವಿಲ್ಲ, ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಹಿಡಿತದಲ್ಲಿಡಿ, ಅದರಿಂದ ನಿಜಕ್ಕೂ ಉಪಯೋಗವಿದೆ.

ಆಂಟಿಬಯೋಟಿಕ್ ಕತೆಯೂ ಹೀಗೆಯೇ. ಬಹಳಷ್ಟು ಔಷಧಿಗಳು ಚುರುಕಾಗಿ ಬೆಳೆಯುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ. ಲೋಳೆಯ ಆಳದಲ್ಲಿರುವವು ಬೆಳವಣಿಗೆಯನ್ನೇ ನಿಲ್ಲಿಸಿ ಮಲಗಿರುತ್ತವೆ, ಔಷಧಿ ನಿಂತ ಮೇಲೆ ಏಳುತ್ತವೆ. ಸೋಂಕು ಶುರುವಾದ ಮೊದಲ ಕೆಲವು ವಾರಗಳಲ್ಲಾದರೆ ಒಳಗೆಲ್ಲ ತೊಳೆದು, ಪ್ಲಾಸ್ಟಿಕ್ ಭಾಗವನ್ನಷ್ಟೇ ಬದಲಿಸಿ ಕೀಲು ಉಳಿಸಿಕೊಳ್ಳುವುದುಂಟು. ಬಹಳ ದಿನವಾದ ಸೋಂಕಿಗೆ ಸಾಮಾನ್ಯವಾಗಿ ತೆಗೆಯುವುದೇ ದಾರಿ, ಹಾಗಾಗಿ ನಿಮ್ಮ ಡಾಕ್ಟರು ಹೇಳಿದ್ದು ನನಗಂತೂ ಸರಿಯಾಗೇ ಕಾಣುತ್ತದೆ.

ಅವರನ್ನು ಇಷ್ಟು ಕೇಳಿ: ಬ್ಯಾಕ್ಟೀರಿಯಾ ಯಾವುದೆಂದು ಗೊತ್ತಾಗಿದೆಯಾ? ಹಳೆಯದನ್ನು ತೆಗೆದ ದಿನವೇ ಹೊಸದು ಹಾಕುತ್ತೀರಾ, ಅಥವಾ ಕೆಲವು ವಾರ ಬಿಟ್ಟು ಎರಡನೇ ಆಪರೇಷನ್ನಿನಲ್ಲಾ? ನಡುವೆ ಅಮ್ಮ ಹೇಗೆ ಓಡಾಡಬೇಕು?