ಫೋಟೋದಲ್ಲಿರುವ ದೊಡ್ಡಪ್ಪ

ಪ್ರಶ್ನೆ: ನನ್ನ ದೊಡ್ಡಪ್ಪ 1971ರ ಯುದ್ಧದಲ್ಲಿ ತೀರಿಕೊಂಡರು. ನಾನು ಆಗಿನ್ನೂ ಹುಟ್ಟಿರಲಿಲ್ಲ. ಐನ್‌ಮನೆಯಲ್ಲಿ (ನಮ್ಮ ಕುಟುಂಬದ ಮೂಲ ಮನೆ) ಒಂದು ಫೋಟೋ ಬಿಟ್ರೆ ಏನೂ ಇಲ್ಲ. ಮಕ್ಕಳಿಗೆ ಅವರ ಬಗ್ಗೆ ಏನಂತ ಹೇಳಲಿ?
— ಓದುಗರೊಬ್ಬರು, ವಿರಾಜಪೇಟೆ

ಉತ್ತರ: ನಮ್ಮ ಮನೆಯಲ್ಲೂ ಇಂಥದ್ದೊಂದು ಫೋಟೋ ಇದೆ. 1965ರ ಯುದ್ಧದಲ್ಲಿ ತೀರಿಹೋದ ಚಿಕ್ಕಜ್ಜನದು. ಕೊಡವರ ಆಯುಧ ಹಬ್ಬ ಕೈಲ್ ಮುಹೂರ್ತದ ದಿನ ಕೋವಿ ಪೂಜೆ ಮುಗಿದ ಕೂಡಲೇ ಅಜ್ಜಿ ಆ ಫೋಟೋದ ಮುಂದೆ ಬಿಸಿ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಇಡುತ್ತಿದ್ದರು. ‘ಆರಿದ್ದು ಅವನಿಗೆ ಸೇರಲ್ಲ’ ಅಂತಿದ್ದರು. ಯುದ್ಧದ ಕಥೆ ನನಗೆ ಜಾಸ್ತಿ ಗೊತ್ತಿಲ್ಲ. ಆದರೆ ಆ ಬಿಸಿ ಕಡಂಬುಟ್ಟಿನಿಂದ ಅವರು ನನಗೆ ಹತ್ತಿರವಾದರು.

ನಿಮ್ಮ ಮನೆಯ ಹಿರಿಯರನ್ನು ಈಗಲೇ ಕೇಳಿ. ದೊಡ್ಡಪ್ಪ ಏನು ತಿನ್ನುತ್ತಿದ್ದರು, ರಜೆಗೆ ಬಂದಾಗ ಮೊದಲು ಯಾರ ಮನೆಗೆ ಹೋಗುತ್ತಿದ್ದರು? ಬರೆದಿಡಿ. ತಡ ಮಾಡಬೇಡಿ, ಕೇಳುವುದಕ್ಕೆ ಉಳಿದವರು ಕಡಿಮೆ, ಅಲ್ವಾ?

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರಲ್ಲಿ ಶುರುವಾಯಿತು. ಅಲ್ಲಿನ ಗೋಡೆಗಳಲ್ಲಿ 25,000ಕ್ಕೂ ಹೆಚ್ಚು ಯೋಧರ ಹೆಸರು ಕೆತ್ತಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ, ದೊಡ್ಡಪ್ಪನ ಹೆಸರು ಹುಡುಕಿ. ಅಷ್ಟು ದೂರ ಈಗ ಆಗದಿದ್ದರೆ ಮಡಿಕೇರಿಯಲ್ಲಿ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಈಗ ಮ್ಯೂಸಿಯಂ ಆಗಿದೆ, ಅಲ್ಲಿಗಾದರೂ ಹೋಗಿ. ಫೋಟೋವನ್ನೂ ಜೊತೆಗೆ ಒಯ್ಯಿರಿ.