ಕರ್ನಾಟಕ ಎಕ್ಸ್‌ಪ್ರೆಸ್ಸಿನಿಂದ ಅಟಲ್ ಸುರಂಗದವರೆಗೆ: ನೀವು ಕೇಳಿದಿರಿ, ನಾನು ಹೇಳ್ತೀನಿ

ಹೋದ ಅಕ್ಟೋಬರ್‌ನಲ್ಲಿ ನಾನೂ ನಮ್ಮನೆಯವರೂ ಹದಿನಾರು ದಿನ ಸುತ್ತಿ ಬಂದೆವು. ಬೆಂಗಳೂರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್, ಅಲ್ಲಿಂದ ಕಾಲ್ಕಾ, ಕಾಲ್ಕಾದಿಂದ ಶಿಮ್ಲಾಗೆ ಪುಟ್ಟ ರೈಲು, ಆಮೇಲೆ ಕಾರಿನಲ್ಲಿ ಮನಾಲಿ. ಈ ಅಂಕಣದಲ್ಲಿ ಅದರ ಬಗ್ಗೆ ನಾಲ್ಕು ಸಾಲು ಬರೆದದ್ದೇ ತಡ, ಪತ್ರಗಳು ಬರೋಕೆ ಶುರುವಾದವು. ಸುಮಾರು ಜನ ಐವತ್ತೈದು ದಾಟಿದ ಗಂಡ ಹೆಂಡತಿ. ಮಕ್ಕಳು ಬೇರೆ ಊರಲ್ಲಿ, ಮೊಣಕಾಲು ಸ್ವಲ್ಪ ನೋವು, ಆಸೆ ಮಾತ್ರ ಜಾಸ್ತಿ. ನಮ್ಮದೂ ಅದೇ ಕಥೆ, ಅದಕ್ಕೇ ಉತ್ತರ ಕೊಡೋ ಧೈರ್ಯ ಮಾಡಿದ್ದೇನೆ.

ವಿಮಾನದಲ್ಲಿ ಮೂರು ಗಂಟೆಯ ದಾರಿಗೆ ರೈಲಿನಲ್ಲಿ ಎರಡು ರಾತ್ರಿ ಯಾಕೆ ಕಳೆಯಬೇಕು? ಬೇಜಾರಾಗಲ್ವಾ? (ಓದುಗರೊಬ್ಬರು, ದಾವಣಗೆರೆ)

ಆಗುತ್ತೆ. ಎರಡನೇ ದಿನ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಚೆನ್ನಾಗಿಯೇ ಬೇಜಾರಾಯಿತು. ಉಳಿದ ಹೊತ್ತು ಆಗಲಿಲ್ಲ.

ಈ ರೈಲಿನ ದಾರಿಯೇ ಒಂದು ತಮಾಷೆ. ಸಂಜೆ ಮೆಜೆಸ್ಟಿಕ್‌ನಿಂದ ಹೊರಟು ಹಿಂದೂಪುರ, ಅನಂತಪುರ, ಗುಂತಕಲ್ ಅಂತ ರಾತ್ರಿಯೆಲ್ಲ ಆಂಧ್ರದಲ್ಲಿ ಓಡುತ್ತದೆ. ಕರ್ನಾಟಕ ಬಿಟ್ಟೆವು ಅಂದುಕೊಂಡು ಮಲಗಿದರೆ, ಬೆಳಗಿನ ಜಾವಕ್ಕೆ ಮತ್ತೆ ಕರ್ನಾಟಕಕ್ಕೇ ಬಂದಿರುತ್ತೀರಿ. ರಾಯಚೂರು, ಯಾದಗಿರಿ, ವಾಡಿ, ಕಲಬುರಗಿ. ಮಗ್ಗುಲು ಬದಲಿಸುವಾಗ ಪ್ಲಾಟ್‌ಫಾರ್ಮಿನಿಂದ "ಏ ತಮ್ಮಾ, ಲಗೂ ಹತ್ತೋ" ಅಂತ ಕೇಳಿಸಿತು. ಅದೇ ಕೊನೆಯ ಕನ್ನಡ. ಸೊಲ್ಲಾಪುರದಲ್ಲಿ ಚಹಾ ಮಾರುವವನು ಮರಾಠಿಗೆ ಬಂದಿದ್ದ. ದೌಂಡ್, ಮನಮಾಡ್ ದಾಟಿ ಜಳಗಾಂವ್ ಕಡೆ ಹೋದಂತೆ ಹಳಿಯ ಪಕ್ಕ ಬಾಳೆ ತೋಟಗಳು. ರಾತ್ರಿ ಮಧ್ಯಪ್ರದೇಶ ನಿದ್ದೆಯಲ್ಲೇ ಕಳೆದುಹೋಗುತ್ತದೆ. ಮೂರನೇ ದಿನ ಬೆಳಿಗ್ಗೆ ಮಾತ್ರ ದಯವಿಟ್ಟು ಬೇಗ ಏಳಿ. ಗ್ವಾಲಿಯರ್ ಬಿಟ್ಟ ಮೇಲೆ ಚಂಬಲ್ ಕಣಿವೆ ಬರುತ್ತದೆ. ಮಣ್ಣೆಲ್ಲ ನೀರಿಗೆ ಕೊರೆದು, ಯಾರೋ ದೊಡ್ಡ ಉಗುರಿನಿಂದ ಕೆರೆದ ಹಾಗೆ. ಡಕಾಯಿತರು ಇಲ್ಲಿ ಅಡಗಿದ್ದರು ಅಂತ ಕೇಳಿದ್ದೆ. ನೋಡಿದ ಮೇಲೆ ಅಡಗದೇ ಇದ್ದರೇ ಆಶ್ಚರ್ಯ ಅನಿಸಿತು.

ಸುಮಾರು 2,400 ಕಿ.ಮೀ. ಆ ದೂರ ಮೈಗೆ ಗೊತ್ತಾಗಬೇಕು ಅಂದರೆ ರೈಲಿನಲ್ಲೇ ಹೋಗಬೇಕು. ಇನ್ನೊಂದು ಮಾತು, ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಟಿವಿ ಇಲ್ಲದೆ ಇಷ್ಟು ಹೊತ್ತು ನಾವಿಬ್ಬರು ಎದುರುಬದುರು ಕೂತಿದ್ದು ಇದೇ ಮೊದಲು.

ನೀವು ದಾವಣಗೆರೆಯವರು ಬೆಂಗಳೂರಿಗೆ ಬರಲೇಬೇಕಂತೇನಿಲ್ಲ. ಯಶವಂತಪುರದಿಂದ ಚಂಡೀಗಢಕ್ಕೆ ಹೋಗುವ ಕರ್ನಾಟಕ ಸಂಪರ್ಕ ಕ್ರಾಂತಿ ನಿಮ್ಮೂರು, ಹುಬ್ಬಳ್ಳಿ, ಬೆಳಗಾವಿ ಮೇಲೆಯೇ ಹೋಗುತ್ತದೆ. ದಿನಾ ಇಲ್ಲ, ವಾರ ನೋಡಿಕೊಳ್ಳಿ. ಚಂಡೀಗಢದಿಂದ ಕಾಲ್ಕಾ ಹತ್ತಿರ. ದೆಹಲಿ ಬೇಡ ಅನ್ನುವವರಿಗೆ ಇದೇ ಸಲೀಸು. ಆಗ್ರಾ ನೋಡಬೇಕು ಅಂದರೆ ಕರ್ನಾಟಕ ಎಕ್ಸ್‌ಪ್ರೆಸ್ಸೇ ಸರಿ, ನೇರ ಅಲ್ಲೇ ಇಳಿಯಬಹುದು. ಆದರೆ ಶುಕ್ರವಾರ ಇಳಿಯಬೇಡಿ, ತಾಜ್ ಮಹಲಿಗೆ ಅವತ್ತು ರಜೆ.

ನನಗೆ 63, ಮನೆಯವರಿಗೆ 58. ಮೇಲಿನ ಬರ್ತ್ ಹತ್ತೋಕೆ ಆಗಲ್ಲ. ಕೆಳಗಿನದು ಸಿಗುತ್ತಾ? (ಶಿವಮೊಗ್ಗ)

ಸಿಗುವ ಸಾಧ್ಯತೆ ಚೆನ್ನಾಗಿದೆ, ಬೇಗ ಬುಕ್ ಮಾಡಿದರೆ. ಈಗ 60 ದಿನ ಮುಂಚೆ ಟಿಕೆಟ್ ತೆರೆಯುತ್ತದೆ. ಮೊದಲು 120 ಇತ್ತು, 2024ರ ನವೆಂಬರ್‌ನಿಂದ ಕಡಿಮೆ ಮಾಡಿದರು. ಕೆಳಗಿನ ಬರ್ತಿಗೆ ಅಂತ ಬೇರೆ ಕೋಟಾ ಇದೆ. ಗಂಡಸರಿಗೆ 60, ಹೆಂಗಸರಿಗೆ 45 ಆಗಿದ್ದರೆ ಸಾಕು, ನೀವಿಬ್ಬರೂ ಬರುತ್ತೀರಿ. ಸುಮಾರು ಜನ ಎಡವುವುದು ಇಲ್ಲೇ: ಮಗನನ್ನೋ ಮೊಮ್ಮಗಳನ್ನೋ ಅದೇ ಟಿಕೆಟ್‌ಗೆ ಸೇರಿಸಿ, ಆಮೇಲೆ ಕೋಟಾ ಸಿಗಲಿಲ್ಲ ಅಂತಾರೆ. ಅದು ಒಬ್ಬರಿಗೋ ಇಬ್ಬರಿಗೋ ಮಾತ್ರ, ಇಬ್ಬರೂ ಆ ವಯಸ್ಸಿನವರಾಗಿದ್ದರೆ ಮಾತ್ರ. ನೀವಿಬ್ಬರೇ ಒಂದು ಟಿಕೆಟ್ ಮಾಡಿಸಿ.

ಹಿರಿಯರ ದರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತುಹೋಗಿದೆ. ಪೂರ್ತಿ ದುಡ್ಡೇ ಕೊಡಬೇಕು. ನನಗಂತೂ ಇದು ಇನ್ನೂ ಸಿಟ್ಟು ತರಿಸುವ ವಿಷಯ, ಇರಲಿ.

ಕಾಲ್ಕಾ ಶಿಮ್ಲಾ ರೈಲು ಅಷ್ಟು ಚೆನ್ನಾಗಿದೆಯಾ, ಸುಮ್ನೆ ಹೊಗಳ್ತಾರಾ? ಐದು ಗಂಟೆ ಬೇಕಂತೆ, ಕಾರಿನಲ್ಲಿ ಬೇಗ ಹೋಗಬಹುದಲ್ಲ? (ಬೆಂಗಳೂರು)

ಕಾರಿನಲ್ಲಿ ಬೇಗ ಹೋಗಬಹುದು. ಆದರೆ ಬೇಗ ಹೋಗಿ ಏನು ಮಾಡ್ತೀರಿ?

1903ರಲ್ಲಿ ಶುರುವಾದ ಹಳಿ. 96 ಕಿ.ಮೀ. ದಾರಿ, 102 ಸುರಂಗ, ಎಂಟುನೂರಕ್ಕೂ ಹೆಚ್ಚು ಸೇತುವೆ. ಹಳಿಯ ಅಗಲ ಬರೀ ಎರಡೂವರೆ ಅಡಿ. 2008ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಇಷ್ಟು ಯಾರು ಬೇಕಾದರೂ ಹೇಳ್ತಾರೆ. ಒಳಗೆ ಕೂತಾಗ ಗೊತ್ತಾಗುವುದು ಬೇರೆ. ಡಬ್ಬಿ ಎಷ್ಟು ಚಿಕ್ಕದು ಅಂದರೆ ಎದುರಿಗೆ ಕೂತ ಪಂಜಾಬಿ ಅಜ್ಜಿಯ ಮೊಣಕಾಲಿಗೆ ನನ್ನ ಮೊಣಕಾಲು ತಾಗುತ್ತಿತ್ತು. ಮೊದಲ ಸುರಂಗ ಬಂದ ಕೂಡಲೇ ಹುಡುಗರೆಲ್ಲ ಕೂಗಿದರು. ಐದನೆಯದಕ್ಕೆ ದೊಡ್ಡವರೂ ಕೂಗಿದರು. ಇಪ್ಪತ್ತನೆಯದಕ್ಕೆ ನಮ್ಮನೆಯವರು, ಬ್ಯಾಂಕಿನಲ್ಲಿ ಮೂವತ್ತು ವರ್ಷ ಬಾಯಿ ಬಿಡದೆ ಕೆಲಸ ಮಾಡಿದ ಮನುಷ್ಯ, ಸಣ್ಣಗೆ "ಹೋ" ಅಂದರು. ನಾನು ಕೇಳಿಸಿಕೊಳ್ಳದವಳ ಹಾಗೆ ಕಿಟಕಿ ಕಡೆ ತಿರುಗಿದೆ.

ಎಲ್ಲಕ್ಕಿಂತ ಉದ್ದದ ಸುರಂಗ ಬರೋಗ್, 33ನೇ ನಂಬರು, 1,143 ಮೀಟರ್. ಅದರ ಕಥೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಬರೋಗ್ ಅನ್ನುವ ಬ್ರಿಟಿಷ್ ಎಂಜಿನಿಯರ್ ಎರಡೂ ಕಡೆಯಿಂದ ಗುಡ್ಡ ಕೊರೆಸಿದನಂತೆ, ಎರಡು ತುದಿ ನಡುವೆ ಸೇರಲೇ ಇಲ್ಲವಂತೆ. ಸರ್ಕಾರ ಅವನಿಗೆ ಒಂದು ರೂಪಾಯಿ ದಂಡ ಹಾಕಿತಂತೆ. ಆ ಅವಮಾನಕ್ಕೆ ಅವನು ಗುಂಡು ಹಾರಿಸಿಕೊಂಡು ಸತ್ತನಂತೆ. ಆಮೇಲೆ ಭಲ್ಕು ಅನ್ನುವ ಊರಿನವನೊಬ್ಬ ಕೋಲಿನಿಂದ ಬಂಡೆ ತಟ್ಟಿ ತಟ್ಟಿ ಸರಿಯಾದ ಜಾಗ ತೋರಿಸಿದ ಅಂತಾರೆ. ಎಷ್ಟು ನಿಜವೋ, ಆದರೆ ಆ ಕತ್ತಲಲ್ಲಿ ಕೂತು ಕೇಳುವಾಗ ನಂಬಿಕೆ ಬರುತ್ತದೆ. ಸುರಂಗ ದಾಟಿದ ಕೂಡಲೇ ಬರೋಗ್ ಸ್ಟೇಷನ್. ಅಲ್ಲಿ ಇಳಿದು ಬಿಸಿ ಕಟ್ಲೆಟ್, ಚಹಾ. ಸ್ಟೇಷನ್ ಮಾಸ್ಟರ್ ಸೀಟಿ ಊದುವ ಹೊತ್ತಿಗೆ ಕಟ್ಲೆಟ್ ಅರ್ಧ ಬಾಯಲ್ಲಿ, ಅರ್ಧ ಕೈಯಲ್ಲಿ.

ಸೀಟು ಮೊದಲೇ ಮಾಡಿಸಿ, ಕೆಲವೇ ಸೀಟು ಇರುತ್ತವೆ.

ಶಿಮ್ಲಾದಲ್ಲಿ ಹೋಟೆಲ್ ಎಲ್ಲಿ ಮಾಡಬೇಕು? (ತುಮಕೂರು)

ನಾವು ಮೋಸ ಹೋದದ್ದು ಹೇಳ್ತೀನಿ, ಹೋಟೆಲ್ ಹೆಸರು ಬೇಡ. "ಮಾಲ್ ರಸ್ತೆಯಿಂದ ಐದು ನಿಮಿಷ" ಅಂತ ಹಾಕಿದ್ದರು. ಐದು ನಿಮಿಷ ನಿಜ, ಆದರೆ ನೆಟ್ಟಗೆ ಕೆಳಗೆ. ನಮ್ಮನೆಯವರು ಎಣಿಸಿದರು, 142 ಮೆಟ್ಟಿಲು. ಮಾಲ್ ರಸ್ತೆಗೆ ಕಾರು ಬಿಡುವುದಿಲ್ಲ. ಆದ್ದರಿಂದ ಬುಕ್ ಮಾಡುವ ಮುಂಚೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಬಾಗಿಲವರೆಗೆ ಕಾರು ಬರುತ್ತಾ, ಎಷ್ಟು ಮೆಟ್ಟಿಲು. ಕಾರ್ಟ್ ರಸ್ತೆಯಿಂದ ಮಾಲ್‌ಗೆ ಹತ್ತಲು ದುಡ್ಡು ಕೊಟ್ಟು ಹೋಗುವ ಲಿಫ್ಟ್ ಇದೆ. ಅದರ ಹತ್ತಿರ ರೂಮು ಸಿಕ್ಕಿದರೆ ಮೊಣಕಾಲು ನಿಮಗೆ ಆಶೀರ್ವಾದ ಮಾಡುತ್ತದೆ.

ಜಾಖು ಗುಡ್ಡದ ಆಂಜನೇಯನನ್ನು ನೋಡಿದಿರಾ? ಕೋತಿ ಕಾಟ ಹೌದಾ? (ಹೊಸಪೇಟೆ)

ಅಂಜನಾದ್ರಿ ಪಕ್ಕದಲ್ಲೇ ಇರುವವರು ಕೋತಿ ಬಗ್ಗೆ ನನ್ನನ್ನು ಕೇಳೋದಾ! ಸಂಜೀವಿನಿ ತರಲು ಹೊರಟ ಹನುಮಂತ ಜಾಖುವಿನಲ್ಲಿ ದಣಿವಾರಿಸಿಕೊಂಡ ಅನ್ನುವ ನಂಬಿಕೆ. ಹುಟ್ಟಿದ್ದು ನಿಮ್ಮಲ್ಲಿ, ಸುಧಾರಿಸಿಕೊಂಡದ್ದು ಅಲ್ಲಿ. 108 ಅಡಿ ಎತ್ತರದ ಮೂರ್ತಿ ಇದೆ, ಶಿಮ್ಲಾದ ಯಾವ ಮೂಲೆಯಿಂದ ನೋಡಿದರೂ ದೇವದಾರು ಮರಗಳ ಮೇಲೆ ತಲೆ ಕಾಣುತ್ತದೆ.

ಕೋತಿಗಳಿಗೆ ತಿಂಡಿ ಬೇಡ, ಕನ್ನಡಕ ಬೇಕು. ಕಿತ್ತುಕೊಂಡರೆ ನಾವು ತಿಂಡಿ ಕೊಟ್ಟು ಬಿಡಿಸಿಕೊಳ್ಳುತ್ತೇವೆ ಅಂತ ಅವಕ್ಕೆ ಗೊತ್ತು. ಬೋರ್ಡು ಓದಲು ನಮ್ಮನೆಯವರು ಕನ್ನಡಕ ಹಾಕಿದ್ದೇ ತಪ್ಪಾಯಿತು. ಹಿಂದಿನಿಂದ ಹೆಗಲ ಮೇಲೆ ಒಂದು ಕೈ. ನಾನೇ ಕೈಯಿಟ್ಟೆ ಅಂದುಕೊಂಡು "ಏನೇ" ಅಂದರು. ತಿರುಗುವಷ್ಟರಲ್ಲಿ ಕನ್ನಡಕ ಕಟಕಟೆಯ ಮೇಲೆ, ಕೋತಿ ಒಂದು ಕಾಲಿನ ಕಡ್ಡಿ ಕಚ್ಚುತ್ತಾ ಕೂತಿದೆ. ಪ್ರಸಾದದ ಅಂಗಡಿಯ ಹುಡುಗ ಆರಾಮಾಗಿ ಬಂದು ಒಂದು ಪೊಟ್ಟಣ ಎಸೆದ. ಕೋತಿ ಕನ್ನಡಕ ಬಿಟ್ಟಿತು. ಹುಡುಗ ಪೊಟ್ಟಣದ ದುಡ್ಡು ಕೇಳಿದ. ಅವರಿಬ್ಬರಿಗೂ ಪಾಲುದಾರಿಕೆ ಇದೆ ಅಂತ ನನ್ನ ಅನುಮಾನ. ಕನ್ನಡಕ ಜೇಬಲ್ಲಿಟ್ಟುಕೊಂಡೇ ಹೋಗಿ.

ನಮ್ಮದೇ ಕಾರು ಓಡಿಸಬಹುದಾ? ಯಾವ ತಿಂಗಳು ಒಳ್ಳೆಯದು? (ಉಡುಪಿ)

ಆಗುಂಬೆ ಓಡಿಸಿದವರಿಗೆ ಧೈರ್ಯ ಇರುತ್ತೆ, ಒಪ್ಪಿದೆ. ಆದರೆ ಇಬ್ಬರೇ ಹೋಗುವಾಗ ಒಬ್ಬರು ರಸ್ತೆ ನೋಡುತ್ತಾ ಕೂತರೆ ಬೆಟ್ಟ ನೋಡುವವರು ಒಬ್ಬರೇ ಆಗುತ್ತಾರೆ. ಅಲ್ಲಿನ ಡ್ರೈವರ್ ಇರುವ ಟ್ಯಾಕ್ಸಿ ತೆಗೆದುಕೊಳ್ಳಿ. ಖರ್ಚು ಜಾಸ್ತಿಯೇ, ನಮ್ಮ ರೈಲಿನ ಖರ್ಚನ್ನು ಕಾರು ದಾಟಿತು. ಶಿಮ್ಲಾದಿಂದ ಮನಾಲಿ ಸುಮಾರು 250 ಕಿ.ಮೀ. ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಗಂಟೆ ಅಲ್ವಾ? ಅಲ್ಲಿ ಇಡೀ ದಿನ. ನಾವು ಮಂಡಿಯಲ್ಲಿ ಒಂದು ರಾತ್ರಿ ಉಳಿದೆವು, ಸುಸ್ತಾಗಲಿಲ್ಲ.

ತಿಂಗಳ ವಿಷಯದಲ್ಲಿ ಮಾತ್ರ ಹಟ ಮಾಡಬೇಡಿ. ಜುಲೈ, ಆಗಸ್ಟ್ ಖಂಡಿತ ಬೇಡ. 2023ರ ಜುಲೈನಲ್ಲಿ ಬಿಯಾಸ್ ನದಿ ಉಕ್ಕಿ ಕುಲ್ಲು, ಮನಾಲಿ ಕಡೆ ರಸ್ತೆ, ಸೇತುವೆಗಳೇ ಕೊಚ್ಚಿಹೋದವು. ಆಗಸ್ಟ್‌ನಲ್ಲಿ ಶಿಮ್ಲಾದ ಸಮ್ಮರ್ ಹಿಲ್ ಹತ್ತಿರ ಗುಡ್ಡ ಕುಸಿದು, ಕೆಳಗಿನ ಮಣ್ಣೆಲ್ಲ ಹೋಗಿ ಆ ಪುಟ್ಟ ರೈಲಿನ ಹಳಿ ಗಾಳಿಯಲ್ಲಿ ಜೋತಾಡುತ್ತಿತ್ತು. ಆ ಫೋಟೋ ನೀವೂ ನೋಡಿರಬಹುದು. ಅಕ್ಟೋಬರ್ ಆಗಬಹುದು, ಇಲ್ಲಾ ಏಪ್ರಿಲ್, ಮೇ. ಅಕ್ಟೋಬರ್‌ನಲ್ಲಿ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಹಿಮದಲ್ಲಿ ಉರುಳಾಡುವ ಆಸೆ ಇದ್ದರೆ ಆ ತಿಂಗಳು ನಿರಾಸೆ ಆಗುತ್ತದೆ, ಅದನ್ನೂ ಹೇಳಿಬಿಡ್ತೀನಿ.

ಕುಲ್ಲು ದಸರಾ ನಮ್ಮ ದಸರಾದಷ್ಟು ದೊಡ್ಡದಾ? (ಮೈಸೂರು)

ಆನೆ ಇಲ್ಲ, ಅಂಬಾರಿ ಇಲ್ಲ. ಆದರೆ ನಮ್ಮ ದಸರಾ ಮುಗಿಯುವ ವಿಜಯದಶಮಿಯಂದೇ ಅವರದು ಶುರುವಾಗುತ್ತದೆ, ಏಳು ದಿನ ನಡೆಯುತ್ತದೆ. ಸುತ್ತಲಿನ ಹಳ್ಳಿಗಳ ನೂರಾರು ದೇವತೆಗಳು ಪಲ್ಲಕ್ಕಿಯಲ್ಲಿ ಢಾಲ್ಪುರ ಮೈದಾನಕ್ಕೆ ಬಂದು ರಘುನಾಥನ ರಥದ ಜೊತೆ ಸೇರುತ್ತವೆ. ನಾವು ಹೋಗುವಷ್ಟರಲ್ಲಿ ದೇವರುಗಳು ಊರಿಗೆ ವಾಪಸಾಗಿದ್ದರು, ಮೈದಾನದಲ್ಲಿ ಶಾಲಿನ ಅಂಗಡಿಗಳು ಮಾತ್ರ ಉಳಿದಿದ್ದವು. ನಾನು ಮೂರು ಶಾಲು ತೆಗೆದುಕೊಂಡೆ. ನಮ್ಮನೆಯವರ ಪ್ರಕಾರ ಐದು.

ಊಟ? ನಾವು ಸಸ್ಯಾಹಾರಿ. (ಹುಬ್ಬಳ್ಳಿ)

ತೊಂದರೆಯೇ ಇಲ್ಲ, ಉತ್ತರದ ಕಡೆ ಸಸ್ಯಾಹಾರ ಎಲ್ಲೆಲ್ಲೂ ಸಿಗುತ್ತದೆ. ಆದರೆ ನಾಲ್ಕನೇ ದಿನಕ್ಕೆ ಪನೀರ್ ಹೆಸರು ಕೇಳಿದರೆ ಓಡಿಹೋಗೋಣ ಅನಿಸುತ್ತದೆ. ನಿಮ್ಮ ಕಡೆಯ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ, ಹದಿನೈದು ದಿನ ಕೆಡಲ್ಲ. ಹಿಮಾಚಲದಲ್ಲಿ ಸಿಡ್ಡು ಅಂತ ಮಾಡ್ತಾರೆ, ಗೋಧಿ ಹಿಟ್ಟು ಹುದುಗು ಬರಿಸಿ, ಒಳಗೆ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿ ಮೇಲೆ ತುಪ್ಪ ಸುರಿಯುತ್ತಾರೆ. ನಮ್ಮ ಕಡುಬಿನ ದಾಯಾದಿ. ಅದಕ್ಕೆ ನನ್ನ ಶೇಂಗಾ ಚಟ್ನಿ ಹಚ್ಚಿ ತಿಂದೆ, ಅಂಗಡಿಯಾಕೆ ತನಗೂ ಸ್ವಲ್ಪ ಕೊಡಿ ಅಂದಳು.

ಮನಾಲಿಯಲ್ಲಿ ಹಿಮ, ಹಿಡಿಂಬೆ ದೇವಸ್ಥಾನ ಬಿಟ್ಟರೆ ಏನಿದೆ? (ಕನಕಪುರ ರಸ್ತೆ, ಬೆಂಗಳೂರು)

ಹಿಡಿಂಬೆಯನ್ನು ಬಿಡಬೇಡಿ, 1553ರ ಮರದ ಗುಡಿ, ನಮ್ಮ ಭೀಮನ ಹೆಂಡತಿ. ಅಟಲ್ ಸುರಂಗವನ್ನೂ ಬಿಡಬೇಡಿ. 9 ಕಿ.ಮೀ. ಉದ್ದ, 2020ರ ಅಕ್ಟೋಬರ್‌ನಲ್ಲಿ ತೆರೆದರು. ಈ ಕಡೆ ಹಸಿರು ದೇವದಾರು ಬಿಟ್ಟು ಒಳಗೆ ಹೋದರೆ ಹತ್ತು ಹದಿನೈದು ನಿಮಿಷಕ್ಕೆ ಆ ಕಡೆ ಲಾಹೌಲ್, ಬೋಳು ಬೆಟ್ಟ, ಹಳದಿ ಎಲೆ, ತಣ್ಣನೆ ಗಾಳಿ. ಬೇರೆ ದೇಶಕ್ಕೆ ಬಂದ ಹಾಗೆ. ಅಲ್ಲಿ ಎತ್ತರ ಮೂರು ಸಾವಿರ ಮೀಟರ್ ದಾಟುತ್ತದೆ. ಬಿ.ಪಿ., ಹೃದಯದ ತೊಂದರೆ ಇರುವವರು ಊರು ಬಿಡುವ ಮುಂಚೆಯೇ ಡಾಕ್ಟರನ್ನು ಕೇಳಿ.

ಆದರೆ ನಿಮ್ಮ ವಿಳಾಸ ನೋಡಿ ನನಗೆ ನೆನಪಾದದ್ದು ನಗ್ಗರ್. ಮನಾಲಿಯಿಂದ ಕುಲ್ಲುವಿನ ಕಡೆ, ನದಿಯ ಎಡದಂಡೆಯ ರಸ್ತೆಯಲ್ಲಿ ಸುಮಾರು 20 ಕಿ.ಮೀ. ರಷ್ಯಾದ ಚಿತ್ರಕಾರ ನಿಕೊಲಸ್ ರೋರಿಕ್ 1928ರಲ್ಲಿ ಇಲ್ಲಿಗೆ ಬಂದು, 1947ರಲ್ಲಿ ಸಾಯುವವರೆಗೂ ಇಲ್ಲೇ ಇದ್ದರು. ಅವರ ಮನೆ ಈಗ ಚಿತ್ರಶಾಲೆ. ಅವರ ಮಗ ಸ್ವೆಟೊಸ್ಲಾವ್, ಸೊಸೆ ಸಿನಿಮಾ ನಟಿ ದೇವಿಕಾ ರಾಣಿ. ಆ ದಂಪತಿ ಆಮೇಲೆ ಬಂದು ನೆಲೆಸಿದ್ದು ಎಲ್ಲಿ ಗೊತ್ತಲ್ಲ? ನಿಮ್ಮದೇ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ. ನಾನು ಎಷ್ಟು ಸಲ ಆ ಗೇಟಿನ ಮುಂದೆ ಬಸ್ಸಿನಲ್ಲಿ ಹೋಗಿದ್ದೇನೋ, ತಲೆ ಎತ್ತಿ ನೋಡಿರಲಿಲ್ಲ. ಅಷ್ಟು ದೂರ ಹೋಗಿ, ನಗ್ಗರಿನ ಸೇಬಿನ ಮರದ ಕೆಳಗೆ ನಿಂತು, ಬೋರ್ಡಿನ ಮೇಲೆ ಬೆಂಗಳೂರು ಅಂತ ಓದಿದಾಗ ಇಬ್ಬರಿಗೂ ನಗು ಬಂತು. ವಾಪಸು ಬಂದ ಮೇಲೆ ಚಿತ್ರಕಲಾ ಪರಿಷತ್ತಿಗೆ ಹೋಗಿ ಅಲ್ಲಿರುವ ರೋರಿಕ್ ಚಿತ್ರಗಳನ್ನೂ ನೋಡಿದೆವು. ಅದೇ ನೀಲಿ ಬೆಟ್ಟಗಳು.

ದಾರಿಯಲ್ಲಿ ಜಗಳ ಆಡಿದಿರಾ? (ಹೆಸರು, ಊರು ಬರೆದಿಲ್ಲ)

ಮೂರು ಸಲ. ಎರಡು ಶಾಲಿಗೆ. ಒಂದು ಇಟಾರ್ಸಿಯಲ್ಲಿ, ಮಧ್ಯರಾತ್ರಿ, ನೀರು ತರುತ್ತೀನಿ ಅಂತ ಇಳಿದವರು ರೈಲು ಅಲ್ಲಾಡುವವರೆಗೂ ಬರಲಿಲ್ಲ. ಬೇರೆ ಡಬ್ಬಿಗೆ ಹತ್ತಿ, ಒಳಗಿನಿಂದಲೇ ನಡೆದು ಬಂದರು, ಕೈಯಲ್ಲಿ ನೀರಿನ ಜೊತೆ ಎರಡು ಕಪ್ ಚಹಾ. ಚಹಾ ಕುಡಿದೇ ಜಗಳ ಆಡಿದೆ.