ಗಂಜಿ ತೊಟ್ಟಿಯ ಮಾತು ಮತ್ತು ಕೇಳುಗರ ಕಿವಿ

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ಧಾರವಾಡದಲ್ಲಿ ಓದುತ್ತಿರುವ ವಿದ್ಯಾರ್ಥಿ. ಕಳೆದ ಸಂಚಿಕೆಯಲ್ಲಿ ನೀವು ಇಂಗ್ಲೆಂಡಿನ ಸ್ಲೋಡೈವ್ ತಂಡದ ‘ಸೂವ್ಲಾಕಿ’ ಆಲ್ಬಮ್ ಬಗ್ಗೆ ಎರಡು ಸಾಲು ಹೊಗಳಿ ಬರೆದಿದ್ದಿರಿ. ಹಾಸ್ಟೆಲಿನಲ್ಲಿ ನಾಲ್ಕು ಜನ ಕೂತು ಅದನ್ನು ಕೇಳಿದೆವು. ಒಬ್ಬನಿಗೆ ತುಂಬಾ ಹಿಡಿಸಿತು. ಇನ್ನೊಬ್ಬ, ಹತ್ತೂ ಹಾಡು ಒಂದೇ ಥರ ಇವೆ ಎಂದ. ಮತ್ತೊಬ್ಬ ಮೂರನೇ ಹಾಡಿಗೇ ನಿದ್ದೆ ಹೋದ. ನನಗಂತೂ ಹಾಡಿನ ಮಾತು ಒಂದೂ ಕೇಳಿಸಲಿಲ್ಲ. 1993ರಲ್ಲಿ ಬಂದಾಗ ಅಲ್ಲಿನ ವಿಮರ್ಶಕರೇ ಇದನ್ನು ಹಿಗ್ಗಾಮುಗ್ಗಾ ಬೈದಿದ್ದರಂತೆ. ಸಂಗೀತ ಗೊತ್ತಿದ್ದವರು ಬೇಡ ಎಂದದ್ದನ್ನು ಈಗಿನ ಹುಡುಗರು ಹೊಗಳುವುದು ಬರೀ ಫ್ಯಾಶನ್ ಅಲ್ವಾ? ಕೇಳುಗರ ಅಭಿಪ್ರಾಯಕ್ಕೆ ಅಷ್ಟೊಂದು ಬೆಲೆ ಕೊಡಬೇಕಾ? ಇನ್ನೊಂದು ಮಾತು: ಇದರ ಎಲ್‌ಪಿ ರೆಕಾರ್ಡ್ ತರಿಸಬೇಕು ಅಂತಿದ್ದೆ. ತರಿಸಲೋ ಬೇಡವೋ?

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಖುಷಿಯಾಯಿತು, ಸ್ವಲ್ಪ ಸಿಟ್ಟೂ ಬಂತು. ನಾಲ್ಕು ಜನ ಒಂದು ಕೋಣೆಯಲ್ಲಿ ಕೂತು ಒಂದು ಆಲ್ಬಮ್ಮನ್ನು ಮೊದಲಿಂದ ಕೊನೆವರೆಗೆ ಹಾಕಿದಿರಲ್ಲ, ಅದಕ್ಕೆ ಖುಷಿ. ಈಗ ಅದೇ ಅಪರೂಪ. ಆದರೆ ನಿಮ್ಮ ಕಿವಿಗಿಂತ ಮೂವತ್ತು ವರ್ಷ ಹಳೆಯ ಒಂದು ವಾರಪತ್ರಿಕೆಯ ಮಾತಿಗೆ ಜಾಸ್ತಿ ತೂಕ ಕೊಟ್ಟಿರಲ್ಲ, ಅದಕ್ಕೆ ಸಿಟ್ಟು. ನಿಮ್ಮ ಗೆಳೆಯರು ಏನೇ ಹೇಳಿರಲಿ, ಕೇಳಿ ಹೇಳಿದ್ದಾರೆ. ನೀವು ಮಾತ್ರ ಅರ್ಧ ಕೇಳಿ, ಉಳಿದರ್ಧ ಓದಿ ಹೇಳುತ್ತಿದ್ದೀರಿ.

ಮೊದಲು ಆ ಬೈಗುಳದ ವಿಷಯ ನೋಡೋಣ. ಮೆಲೊಡಿ ಮೇಕರ್ ಎಂಬ ಬ್ರಿಟಿಷ್ ವಾರಪತ್ರಿಕೆಯಲ್ಲಿ ಬಂದ ಮಾತು ಹೆಚ್ಚುಕಡಿಮೆ ಹೀಗಿತ್ತು: ‘ಸಿಂಗ್’ ಹಾಡೊಂದನ್ನು ಬಿಟ್ಟರೆ, ಈ ಆಲ್ಬಮ್ಮನ್ನು ಇನ್ನೊಮ್ಮೆ ಕೇಳುವುದಕ್ಕಿಂತ ಗಂಜಿ ತುಂಬಿದ ತೊಟ್ಟಿಯಲ್ಲಿ ಉಸಿರುಕಟ್ಟಿ ಮುಳುಗುವುದೇ ವಾಸಿ. ಸ್ಲೋಡೈವ್ ಬಗ್ಗೆ ಯಾರೇ ಬರೆಯಲಿ, ಈ ಗಂಜಿ ಬಂದೇ ಬರುತ್ತದೆ. ಆ ಸಾಲಿನಲ್ಲಿ ಸಂಗೀತದ ಬಗ್ಗೆ ಏನಿದೆ, ಹೇಳಿ? ಗಿಟಾರ್ ಹೇಗಿದೆ? ಎರಡು ದನಿಗಳು ಎಲ್ಲಿ ಕೂಡುತ್ತವೆ? ಏನೂ ಇಲ್ಲ. ಬರೆದವರ ಚುರುಕು ಮಾತ್ರ ಕಾಣುತ್ತದೆ. ‘ಸಿಂಗ್’ ಹಾಡಿಗೆ ಸಿಕ್ಕ ರಿಯಾಯಿತಿಯನ್ನೂ ಜನ ಮರೆತರು. ಗಂಜಿ ಮಾತ್ರ ಉಳಿಯಿತು.

ಬೈದವರಲ್ಲಿ ಪತ್ರಿಕೆಯವರಷ್ಟೇ ಇರಲಿಲ್ಲ. ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್ ತಂಡದ ರಿಚಿ ಎಡ್ವರ್ಡ್ಸ್, ಸ್ಲೋಡೈವ್ ಮೇಲಿನ ದ್ವೇಷ ಹಿಟ್ಲರ್ ಮೇಲಿನದಕ್ಕಿಂತ ದೊಡ್ಡದು ಎಂದಿದ್ದರು. ಅವರು ಹೀಗೆ ದ್ವೇಷಿಸಿದ್ದು ಯಾರನ್ನು? ರೆಡಿಂಗ್ ಊರಿನ ಐದು ಎಳೆಯರನ್ನು. ನೀಲ್ ಹಾಲ್‌ಸ್ಟೆಡ್ ಮತ್ತು ರೇಚಲ್ ಗಾಸ್ವೆಲ್ ಚಿಕ್ಕಂದಿನಿಂದ ಗೆಳೆಯರು, 1989ರಲ್ಲಿ ತಂಡ ಕಟ್ಟಿದವರು. ‘ಸೂವ್ಲಾಕಿ’ ಬಂದಾಗ ಇಬ್ಬರಿಗೂ 22ರ ಆಸುಪಾಸು. ನಿಮ್ಮ ವಯಸ್ಸೇ ಅಂದುಕೊಳ್ಳಿ.

ವಿಮರ್ಶಕರ ಪರವಾಗಿಯೂ ಒಂದು ಮಾತು ಹೇಳಬೇಕು. ವಾರವಾರವೂ ಪುಟ ತುಂಬಿಸಬೇಕು, ಮೇಜಿನ ಮೇಲೆ ಡಿಸ್ಕುಗಳ ರಾಶಿ ಬಿದ್ದಿರುತ್ತದೆ. ಒಂದೊಂದಕ್ಕೆ ಎಷ್ಟು ಹೊತ್ತು ಕೊಡಲು ಸಾಧ್ಯ? ಎನ್‌ಎಂಇ ಎಂಬ ಇನ್ನೊಂದು ವಾರಪತ್ರಿಕೆಯವರು ಇಷ್ಟು ಒರಟಾಗಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಅಲ್ಲಿಗೆ ನನ್ನ ಸಹಾನುಭೂತಿ ಮುಗಿಯಿತು. ಯಾಕೆಂದರೆ 1990, 91ರಲ್ಲಿ ಈ ತಂಡದ ಮೊದಲ ಇಪಿಗಳು, ಅಂದರೆ ಕೆಲವೇ ಹಾಡಿನ ಚಿಕ್ಕ ರೆಕಾರ್ಡುಗಳು, ಬಂದಾಗ ಎತ್ತಿ ಕುಣಿಸಿದ್ದೂ ಇದೇ ವಾರಪತ್ರಿಕೆಗಳು. ರೈಡ್, ಲಶ್, ಚಾಪ್ಟರ್‌ಹೌಸ್, ಸ್ಲೋಡೈವ್ ಎಲ್ಲರನ್ನೂ ಒಟ್ಟಿಗೆ ಕಟ್ಟಿ, ವೇದಿಕೆಯ ಮೇಲೆ ತಲೆ ತಗ್ಗಿಸಿ ಕಾಲ ಬುಡದಲ್ಲಿರುವ, ಗಿಟಾರಿನ ನಾದ ಬದಲಿಸುವ ಪೆಡಲುಗಳನ್ನೇ ನೋಡುತ್ತಾರೆಂದು ‘ಶೂಗೇಜ್’ ಅಂತ ಹೆಸರಿಟ್ಟವರೂ ಅವರೇ. 1991ರ ಸೆಪ್ಟೆಂಬರಿನಲ್ಲಿ ಅಮೆರಿಕದಿಂದ ನಿರ್ವಾಣ ತಂಡದ ‘ನೆವರ್‌ಮೈಂಡ್’ ಬಂತು, ಗಾಳಿ ಆ ಕಡೆ ತಿರುಗಿತು. ಒಂದೆರಡು ವರ್ಷದಲ್ಲಿ ಬ್ರಿಟನ್ನಿನದೇ ಹೊಸ ಪಾಪ್ ತಂಡಗಳ ‘ಬ್ರಿಟ್‌ಪಾಪ್’ ಅಲೆ ಎದ್ದಿತು. ಹುಡುಗರ ಕೈಯಲ್ಲಿದ್ದ ಗಿಟಾರ್ ಅದೇ. ಬದಲಾದದ್ದು ಪತ್ರಿಕೆಯವರ ಮನಸ್ಸು.

ಈಗ ಆಲ್ಬಮ್ ಹೇಗಾಯಿತು ಎಂಬುದನ್ನು ಕೇಳಿ. ಅದು ಗೊತ್ತಿದ್ದರೆ ಕೇಳುವ ರೀತಿಯೇ ಬೇರೆಯಾಗುತ್ತದೆ.

ಮೊದಲ ಆಲ್ಬಮ್ಮಿನ ಮೇಲೆ ಬಿದ್ದ ಟೀಕೆಯಿಂದ ಹುಡುಗರು ನೊಂದಿದ್ದರು. ಎರಡನೆಯದಾದ ‘ಸೂವ್ಲಾಕಿ’ಗೆಂದು ಸುಮಾರು 40 ಹಾಡು ಮಾಡಿದರು. ಇವರ ರೆಕಾರ್ಡು ಹೊರತರುತ್ತಿದ್ದ ಕ್ರಿಯೇಷನ್ ಕಂಪನಿಯ ಯಜಮಾನ ಅಲನ್ ಮೆಗೀ ಕೇಳಿ, ಎಲ್ಲವೂ ಕಸ ಎಂದುಬಿಟ್ಟರು. ಹುಡುಗರು ಎಲ್ಲ ಬಿಟ್ಟು ಮತ್ತೆ ಶುರು ಮಾಡಿದರು. ನೀಲ್‌ಗೆ ಇಂಗ್ಲೆಂಡಿನ ಸಂಗೀತಗಾರ, ಪ್ರೊಡ್ಯೂಸರ್ ಬ್ರಯನ್ ಈನೋ ಎಂದರೆ ಪ್ರಾಣ. ನಮ್ಮ ಆಲ್ಬಮ್ ಪ್ರೊಡ್ಯೂಸ್ ಮಾಡಿಕೊಡಿ ಎಂದು ಪತ್ರ ಬರೆದೇಬಿಟ್ಟರು. ಪ್ರೊಡ್ಯೂಸ್ ಮಾಡಲಾರೆ, ಆದರೆ ಜೊತೆಗೆ ಕೂತು ಏನಾದರೂ ಮಾಡೋಣ ಎಂದು ಈನೋ ಉತ್ತರ ಕೊಟ್ಟರು. ಬಂದವರು ಸ್ಟುಡಿಯೋಗೆ ಕಾಲಿಟ್ಟ ಕೂಡಲೇ ಗೋಡೆಯ ಗಡಿಯಾರ ಕಿತ್ತು ಮಿಕ್ಸಿಂಗ್ ಡೆಸ್ಕಿನ ಪಕ್ಕ ಇಟ್ಟುಕೊಂಡರಂತೆ. ನೀನು ಗಿಟಾರ್ ನುಡಿಸು, ಏನು ನುಡಿಸುತ್ತೀಯೋ ನನಗೆ ಬೇಕಿಲ್ಲ, ನಾನು ರೆಕಾರ್ಡ್ ಮಾಡುತ್ತೇನೆ ಎಂದರಂತೆ. ಇದನ್ನು ನೀಲ್ ಅವರೇ ಹೇಳಿಕೊಂಡಿದ್ದಾರೆ. ಆ ಕೆಲಸದಿಂದ ಉಳಿದು ಬಂದದ್ದು ‘ಸಿಂಗ್’ ಮತ್ತು ‘ಹಿಯರ್ ಶೀ ಕಮ್ಸ್’, ಎರಡು ಹಾಡು.

ಇದರ ಮಧ್ಯೆ ಇನ್ನೊಂದು ಸಂಗತಿ ಇದೆ. ನೀಲ್ ಮತ್ತು ರೇಚಲ್ ಪ್ರೀತಿಸಿದ್ದವರು, ಬೇರೆಯಾದವರು. ಆದರೂ ಒಂದೇ ತಂಡ, ಒಂದೇ ಸ್ಟುಡಿಯೋ. ನೀಲ್ ಕೆಲಸ ನಿಲ್ಲಿಸಿ ವೇಲ್ಸ್‌ನ ಒಂದು ಒಂಟಿ ಮನೆಗೆ ಹೋದರು, ಕೆಲವು ಹಾಡು ಬರೆದುಕೊಂಡು ವಾಪಸ್ ಬಂದರು. ಹಾಡಿದ್ದು ಮತ್ತೆ ಇಬ್ಬರೂ ಸೇರಿಯೇ. ಎರಡು ದನಿಗಳು ಒಂದರ ಬೆನ್ನಿಗೆ ಒಂದು ಇರುತ್ತವಲ್ಲ, ಆ ಆಲ್ಬಮ್ಮಿನ ಜೀವ ಇರುವುದು ಅಲ್ಲಿ. ಪತ್ರಿಕೆಗಳು ಇವರಲ್ಲಿ ಭಾವನೆಯೇ ಇಲ್ಲ ಎಂದು ಬರೆದವು. ನನಗೆ ಇದನ್ನು ಇವತ್ತಿಗೂ ಕ್ಷಮಿಸಲಾಗುವುದಿಲ್ಲ.

ಇನ್ನು ನಿಮ್ಮ ಹಾಸ್ಟೆಲ್ಲಿಗೆ ಬರೋಣ.

ಎಲ್ಲ ಹಾಡೂ ಒಂದೇ ಥರ ಎಂದ ಗೆಳೆಯನಿಗೆ ಮೂರೇ ಮೂರು ಹಾಡು ಹಾಕಿ: ‘ಆಲಿಸನ್’, ‘ಸೂವ್ಲಾಕಿ ಸ್ಪೇಸ್ ಸ್ಟೇಷನ್’, ‘ಡ್ಯಾಗರ್’. ಮೊದಲನೆಯದು ನೇರ ಪಾಪ್ ಹಾಡು, ಒಮ್ಮೆ ಕೇಳಿದರೆ ಗುನುಗಬಹುದು. ಎರಡನೆಯದರಲ್ಲಿ ಜಮೈಕಾದ ಡಬ್ ಸಂಗೀತದ ಗುಣ ಇದೆ. ಬೇಸ್ ಕೆಳಗೆ ಉರುಳುತ್ತಾ ಹೋಗುತ್ತದೆ, ಗಿಟಾರಿನ ಪ್ರತಿಧ್ವನಿಗಳು ಒಂದರ ಮೇಲೊಂದು ಬೀಳುತ್ತಾ ಯಾವುದು ಮೂಲ ಯಾವುದು ನೆರಳು ಗೊತ್ತಾಗುವುದಿಲ್ಲ. ಮೂರನೆಯದು ಅಕೂಸ್ಟಿಕ್ ಗಿಟಾರ್ ಹಿಡಿದು ಹತ್ತಿರ ಕೂತು ಹಾಡಿದ ಹಾಗಿದೆ. ಇವು ಮೂರೂ ಒಂದೇ ಥರ ಎಂದರೆ ಅವನ ಸ್ಪೀಕರ್ ನೋಡಬೇಕಾಗುತ್ತದೆ.

ನಿದ್ದೆ ಹೋದವನನ್ನು ಬೈಯಬೇಡಿ. ಪಾಪ, ಅವನ ದೇಹ ಸರಿಯಾಗಿಯೇ ಕೇಳಿದೆ. ಆದರೆ ಏಳನೇ ಹಾಡಿಗೆ ಎಬ್ಬಿಸಬೇಕಿತ್ತು. ‘ವೆನ್ ದ ಸನ್ ಹಿಟ್ಸ್’ ಮೆಲ್ಲಗೆ ಶುರುವಾಗುತ್ತದೆ. ಗಿಟಾರ್ ಒಂದು ಚಿಕ್ಕ ಸುತ್ತು ಹಾಕುತ್ತಾ ಇರುತ್ತದೆ, ದನಿ ಅದರೊಳಗೆ ಅಡಗಿದಂತೆ ಬರುತ್ತದೆ. ಪಲ್ಲವಿ ಬಂದ ತಕ್ಷಣ ಎಲ್ಲ ಗಿಟಾರುಗಳೂ ಒಟ್ಟಿಗೆ ಎದ್ದು ನಿಲ್ಲುತ್ತವೆ. ಜೋರು ಇದೆ, ಆದರೆ ಚುಚ್ಚುವುದಿಲ್ಲ. ಇದು ಸುಮ್ನೆ ವಾಲ್ಯೂಮ್ ಏರಿಸಿ ಆಗುವ ಕೆಲಸವಲ್ಲ. ಯಮಹಾ ಎಫ್‌ಎಕ್ಸ್ 500 ಅಂತ ಒಂದು ಡಿಜಿಟಲ್ ಎಫೆಕ್ಟ್ಸ್ ಪೆಟ್ಟಿಗೆ ಆ ಕಾಲದಲ್ಲಿ ಬಂದಿತ್ತು. ಅದರಲ್ಲಿ ‘ಸಾಫ್ಟ್ ಫೋಕಸ್’ ಎಂಬ ಸೆಟ್ಟಿಂಗ್ ಇದೆ. ತಂತಿ ಮೀಟಿದ ಪೆಟ್ಟಿನ ಚೂಪು ಕರಗಿ, ಸ್ವರದ ಬಾಲ ಮಾತ್ರ ಅಗಲವಾಗಿ ಹರಡುತ್ತದೆ. ಸ್ಲೋಡೈವ್ ನಾದಕ್ಕೆ ಇದರ ಕೊಡುಗೆ ದೊಡ್ಡದು. ಈಗಲೂ ಗಿಟಾರ್ ಹುಡುಗರು ಆ ಹಳೇ ಪೆಟ್ಟಿಗೆಯನ್ನು ಹುಡುಕಿಕೊಂಡು ಅಲೆಯುತ್ತಾರೆ.

ನಿಮ್ಮ ದೂರು, ಮಾತು ಕೇಳಿಸುವುದಿಲ್ಲ ಅಂತ. ಮಲ್ಲಿಕಾರ್ಜುನ ಮನಸೂರರ ಊರಲ್ಲಿ ಕೂತು ಈ ಪ್ರಶ್ನೆ ಕೇಳುತ್ತೀರಲ್ಲ! ಹಿಂದೂಸ್ತಾನಿ ಖಯಾಲ್‌ನಲ್ಲಿ ಎಷ್ಟು ಮಾತಿರುತ್ತದೆ? ಎರಡು ಸಾಲು, ನಾಲ್ಕು ಸಾಲು. ಅದೂ ತಾನಿನಲ್ಲಿ ಕರಗಿ ಹೋಗುತ್ತದೆ. ಯಾರಾದರೂ ಎದ್ದು ನಿಂತು ಸಾಹಿತ್ಯ ಕೇಳಿಸಲಿಲ್ಲ ಎನ್ನುತ್ತಾರಾ? ನಾವು ಹಾಡು ಎಂದರೆ ಕವಿತೆಗೆ ರಾಗ ಹಾಕಿದ್ದು ಅಂತಲೇ ತಿಳಿದುಬಿಟ್ಟಿದ್ದೇವೆ. ಭಾವಗೀತೆ, ಸಿನಿಮಾ ಹಾಡು ಕೇಳಿ ಬೆಳೆದವರಿಗೆ ಅದು ಸಹಜ, ತಪ್ಪೇನಲ್ಲ. ಆದರೆ ಇಲ್ಲಿ ದನಿಯೂ ಒಂದು ವಾದ್ಯ. ಅದನ್ನು ಬೇಕೆಂದೇ ಗಿಟಾರಿಗೆ ಸಮನಾಗಿ ಇಟ್ಟಿದ್ದಾರೆ. 1991ರಲ್ಲಿ ಇದೇ ಕ್ರಿಯೇಷನ್ ಕಂಪನಿಯಿಂದ ಬಂದ ಮೈ ಬ್ಲಡಿ ವ್ಯಾಲೆಂಟೈನ್ ತಂಡದ ‘ಲವ್‌ಲೆಸ್’ ಕೇಳಿದರೆ ಇನ್ನೂ ಗಾಬರಿಯಾಗುತ್ತೀರಿ. ಅಲ್ಲಿ ಕೆವಿನ್ ಶೀಲ್ಡ್ಸ್ ಸ್ವರ ಬಾಗಿಸುವ, ಗಿಟಾರಿನ ಟ್ರೆಮೊಲೊ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮೀಟುತ್ತಾರೆ. ಸ್ವರಗಳು ಟೇಪ್ ಎಳೆದಂತೆ ಓಲಾಡುತ್ತವೆ.

ಟೇಪ್ ಅಂದಾಗ ನೆನಪಾಯಿತು. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಇಂಥ ಸಂಗೀತ ಸಿಗುತ್ತಿದ್ದದ್ದು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡು. ಗೆಳೆಯನೊಬ್ಬನ ಅಣ್ಣ ಪರದೇಶದಿಂದ ತಂದದ್ದು, ಅದರ ಕಾಪಿ, ಆ ಕಾಪಿಯ ಕಾಪಿ. ನನಗೆ ಸಿಕ್ಕಿದ ‘ಸೂವ್ಲಾಕಿ’ ಮೇಲೆ ಹಾಡುಗಳ ಹೆಸರೂ ಇರಲಿಲ್ಲ. ನಮ್ಮ ಬೀದಿಯಲ್ಲಿ ರೇಡಿಯೋ ರಿಪೇರಿ ಮಾಡುವವರೊಬ್ಬರು ಅದನ್ನು ಕೇಳಿ, ಟೇಪ್‌ರೆಕಾರ್ಡರಿನ ಹೆಡ್ ಕೊಳೆಯಾಗಿದೆ ಅಂತ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿದರು. ಮತ್ತೆ ಹಾಕಿದರೂ ದನಿ ಹಾಗೇ ಇತ್ತು. ಸ್ವಲ್ಪ ಹೊತ್ತು ಸುಮ್ಮನೆ ಕೇಳಿದರು. ‘ಇದು ಹಿಂಗೇ ಮಾಡಿರೋದು ಕಣಪ್ಪಾ, ಚೆನ್ನಾಗಿದೆ, ಇರಲಿ ಬಿಡು’ ಎಂದು, ಕೆಲಸ ಮುಗಿಯುವವರೆಗೂ ಆ ಕ್ಯಾಸೆಟ್ ಓಡಿಸಿದರು. ಅವರಿಗೆ ಲಂಡನ್ನಿನ ವಾರಪತ್ರಿಕೆ ಗೊತ್ತಿರಲಿಲ್ಲ, ಶೂಗೇಜ್ ಗೊತ್ತಿರಲಿಲ್ಲ. ಕಿವಿ ಇತ್ತು, ಒಂದಷ್ಟು ಹೊತ್ತು ಕೊಡುವ ಮನಸ್ಸಿತ್ತು. ನನಗೆ ಈ ಅಭಿಪ್ರಾಯ ಗಂಜಿಯ ಸಾಲಿಗಿಂತ ದೊಡ್ಡದು.

ಫ್ಯಾಶನ್ ಅಂದಿರಲ್ಲ, ಲೆಕ್ಕ ನೋಡಿ. ‘ಸೂವ್ಲಾಕಿ’ 1993ರಲ್ಲಿ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಏರಿದ್ದು 51ನೇ ಸ್ಥಾನದವರೆಗೆ ಮಾತ್ರ. 1995ರ ಫೆಬ್ರವರಿಯಲ್ಲಿ ಮೂರನೇ ಆಲ್ಬಮ್ ಬಂತು, ಅದರ ಬೆನ್ನಿಗೇ ಕಂಪನಿ ಇವರನ್ನು ಕೈಬಿಟ್ಟಿತು. ಅಷ್ಟರಲ್ಲಿ ಕಂಪನಿಯ ಬಳಿ ಬ್ರಿಟ್‌ಪಾಪ್ ತಂಡ ಒಯೇಸಿಸ್ ಇತ್ತು, ಇವರು ಯಾಕೆ ಬೇಕು? ಸ್ಲೋಡೈವ್ ಮುಗಿಯಿತು. ಆಮೇಲೆ ಸುಮಾರು ಇಪ್ಪತ್ತು ವರ್ಷ ತಂಡವೇ ಇರಲಿಲ್ಲ. ಅಷ್ಟು ಕಾಲ ಈ ಆಲ್ಬಮ್ಮನ್ನು ಕಾಪಾಡಿದ್ದು ಕೇಳುಗರು. ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಅವರು ಮತ್ತೊಬ್ಬರಿಗೆ ಕೊಟ್ಟರು. 2014ರಲ್ಲಿ ಬಾರ್ಸಿಲೋನಾದ ಪ್ರಿಮವೇರಾ ಉತ್ಸವಕ್ಕೆ ತಂಡ ಮತ್ತೆ ಒಂದಾಯಿತು. 2016ರಲ್ಲಿ ಪಿಚ್‌ಫೋರ್ಕ್ ಪತ್ರಿಕೆ ಶೂಗೇಜ್ ಆಲ್ಬಮ್ಮುಗಳ ಪಟ್ಟಿ ಮಾಡಿ ‘ಲವ್‌ಲೆಸ್’ ನಂತರ ಎರಡನೇ ಸ್ಥಾನವನ್ನು ಇದಕ್ಕೇ ಕೊಟ್ಟಿತು. 2023ರಲ್ಲಿ ಇವರ ಹೊಸ ಆಲ್ಬಮ್ ಬ್ರಿಟನ್ನಿನ ಮೊದಲ ಹತ್ತರೊಳಗೆ ಬಂತು. ಈಗ ಇವರ ಹಾಡಿಗೆ ಮುಗಿಬೀಳುವ ಎಷ್ಟೋ ಹುಡುಗ ಹುಡುಗಿಯರು 1993ರಲ್ಲಿ ಹುಟ್ಟಿಯೇ ಇರಲಿಲ್ಲ. ಯಾವ ಫ್ಯಾಶನ್ ಇಷ್ಟು ವರ್ಷ ಕಾಯುತ್ತದೆ? ಮೆಲೊಡಿ ಮೇಕರ್ ಪತ್ರಿಕೆ 2000ರಲ್ಲೇ ಕೊನೆಯಾಯಿತು.

ಇಷ್ಟೆಲ್ಲ ಹೇಳುತ್ತಿರುವುದಕ್ಕೆ ನಮ್ಮಲ್ಲೂ ಕಾರಣ ಇದೆ. ಶುಕ್ರವಾರ ಬೆಳಗ್ಗೆ ಸಿನಿಮಾ ಬಂದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಸ್ಟಾರ್ ಎಷ್ಟು ಅಂತ ತೀರ್ಪು ಸಿದ್ಧ. ಹಾಡು ಬಂದ ಮರುದಿನ ಎಷ್ಟು ಲಕ್ಷ ವೀಕ್ಷಣೆ ಅಂತ ಪೋಸ್ಟರ್. ಆ ಹಾಡಿನಲ್ಲಿ ಕೊಳಲು ಯಾರು ನುಡಿಸಿದರು ಅಂತ ಯಾರೂ ಕೇಳುವುದಿಲ್ಲ. ನಮ್ಮ ಪತ್ರಿಕೆಗೇ ಒಬ್ಬ ತರುಣ ಲೇಖಕರು ಆಲ್ಬಮ್ ಬಿಡುಗಡೆಯಾದ ಸಂಜೆಯೇ ವಿಮರ್ಶೆ ಕಳಿಸಿದ್ದರು. ಭಾಷೆ ಚೆನ್ನಾಗಿತ್ತು, ಎರಡು ಕಡೆ ನಗು ಬರುವಂತೆಯೂ ಇತ್ತು. ಎಷ್ಟು ಸಲ ಕೇಳಿದಿರಿ ಎಂದೆ. ಒಂದೂವರೆ ಸಲ ಎಂದರು. ಲೇಖನ ವಾಪಸ್ ಕೊಟ್ಟೆ. ಕೆಲವು ವಾರ ಬಿಟ್ಟು ಅವರೇ ಬೇರೆ ಲೇಖನ ಬರೆದು ತಂದರು. ಅದರಲ್ಲಿ ತಮಾಷೆ ಕಡಿಮೆ ಇತ್ತು, ನಾಲ್ಕನೇ ಹಾಡಿನ ತಬಲಾ ಬಗ್ಗೆ ಒಂದಿಡೀ ಪ್ಯಾರಾ ಇತ್ತು. ನಾವು ಅಚ್ಚು ಹಾಕಿದ್ದು ಅದನ್ನೇ. ಒಂದು ತಂಡ ಎರಡು ವರ್ಷ ಕೂತು ಮಾಡಿದ್ದಕ್ಕೆ ಒಂದು ತಿಂಗಳಾದರೂ ಕಿವಿ ಕೊಡದವರ ತೀರ್ಪು ನಮ್ಮ ಪುಟದಲ್ಲಿ ಬರುವುದಿಲ್ಲ. ಇದಕ್ಕೆ ನಮ್ಮನ್ನು ನಿಧಾನದವರು ಅಂತ ಬೈಯುವವರಿದ್ದಾರೆ. ಬೈಯಲಿ.

ಕೇಳುಗರೆಲ್ಲ ಯಾವಾಗಲೂ ಸರಿ ಅಂತೇನೂ ಅಲ್ಲ. ಕೇಳದೆಯೇ ಮಾಸ್ಟರ್‌ಪೀಸ್ ಅನ್ನುವವರೂ ಇದ್ದಾರೆ. ನಿಮ್ಮಲ್ಲಿ ತುಂಬಾ ಹಿಡಿಸಿತು ಅಂದ ಗೆಳೆಯನನ್ನೂ, ಯಾವ ಹಾಡು, ಅದರಲ್ಲಿ ಯಾವ ಜಾಗ ಅಂತ ಕೇಳಿ ನೋಡಿ. ಥಟ್ಟನೆ ಬೆರಳಿಟ್ಟು ತೋರಿಸಿದರೆ ಅವನ ಮಾತು ನಂಬಿ.

ಎಲ್‌ಪಿ ಈಗಲೇ ಬೇಡ. ಹೊರಗಿನಿಂದ ತರಿಸುವುದು ದುಬಾರಿ, ಮೆಸ್ ಬಿಲ್ ಕಟ್ಟುವ ವಯಸ್ಸು ನಿಮ್ಮದು. ಈಗಿರುವ ಫೋನಿನಲ್ಲೇ ಕೇಳಿ, ಆದರೆ ಹೆಡ್‌ಫೋನ್ ಹಾಕಿ, ಶಫಲ್ ಬೇಡ. ಹತ್ತು ಹಾಡು ಸೇರಿ ನಲವತ್ತು ನಿಮಿಷ ಅಷ್ಟೇ. ರಾತ್ರಿ ಓದು ಮುಗಿದ ಮೇಲೆ ಒಮ್ಮೆ, ಭಾನುವಾರ ಬೆಳಗ್ಗೆ ಒಮ್ಮೆ. ಎರಡು ತಿಂಗಳಾದ ಮೇಲೂ ಬೇಕು ಅನ್ನಿಸಿದರೆ ನಾಲ್ವರೂ ದುಡ್ಡು ಹಾಕಿ ತರಿಸಿ. ಅನ್ನಿಸದಿದ್ದರೆ ಯಾಕೆ ಅನ್ನಿಸಲಿಲ್ಲ ಅಂತ ನಮಗೆ ಬರೆಯಿರಿ, ಹಾಡು ಹಾಡಾಗಿ, ಬಿಡಿಸಿ ಬರೆಯಿರಿ. ಒಂದಕ್ಷರ ಕತ್ತರಿಸದೆ ಹಾಕುತ್ತೇವೆ.